ಎಫ್‌ಸಿ (ವಾಹನ ಅರ್ಹತಾ ಪತ್ರ)

ಸಾರಿಗೆ ವಾಹನ ರಸ್ತೆಗಿಳಿಯಲು ಯೋಗ್ಯವೆಂದು ಸಾರುವ ಪತ್ರ. 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಂ ಇದನ್ನು ಕಡ್ಡಾಯಗೊಳಿಸಿದೆ. ವಾಹನಕ್ಕೆ 8 ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ತಪಾಸಣೆ.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತು ಬರುವ ಲಾರಿಯಾದರೆ ಬ್ರೇಕು, ಹೆಡ್‌ಲೈಟು, ಟೈರು, ಹೊಗೆ, ಹಿಂಬದಿಯಲ್ಲಿ ಮಿನುಗುವ ಕೆಂಪು ಪಟ್ಟಿ ಎಲ್ಲವನ್ನೂ ನೋಡುತ್ತಾರೆ.

ಸ್ವಂತ ಕಾರಿಗೆ ವರ್ಷವರ್ಷದ ತಪಾಸಣೆಯಿಲ್ಲ. 15 ವರ್ಷ ತುಂಬಿದಾಗ ತಪಾಸಣೆ ಮಾಡಿಸಿ, ಮುಂದೆ ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಬ್ರಿಟನ್ನಿನ ರೀತಿ ತಿರುವುಮುರುವು: ಹೆಚ್ಚು ಮಾರ್ಪಾಡಾಗದ, 40 ವರ್ಷ ದಾಟಿದ ಕಾರುಗಳಿಗೆ 2018ರಿಂದ ವಾರ್ಷಿಕ ಪರೀಕ್ಷೆಯೇ ಬೇಕಿಲ್ಲ. ಭಾರತದಲ್ಲಿ 50 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ವಾಹನಗಳಿಗೆ 2021ರ ನಿಯಮದಂತೆ ‘ವಿಎ’ ಅಕ್ಷರಗಳ ವಿಂಟೇಜ್ ನೋಂದಣಿಯುಂಟು. ಅವು ಪ್ರದರ್ಶನ, ರ‍್ಯಾಲಿಗಳಿಗೆ ಹೊರಡಬಹುದು, ದಿನನಿತ್ಯದ ಓಡಾಟಕ್ಕಲ್ಲ.