ಭೂಪಟದಿಂದ ಅಳಿದ 'ಇಂಡಿಯನ್ ಟೆರಿಟರಿ'

ಹಾಲಿವುಡ್‌ನ ಹಳೆಯ ಕೌಬಾಯ್ ಚಿತ್ರಗಳನ್ನು ನೋಡಿದವರಿಗೆ 'ಇಂಡಿಯನ್ ಟೆರಿಟರಿ' ಎಂಬ ಹೆಸರು ಹೊಸದಲ್ಲ. ಬ್ಯಾಂಕು, ರೈಲುಗಳನ್ನು ದೋಚಿದ ಡಕಾಯಿತರು ಕುದುರೆ ಏರಿ ಅಲ್ಲಿಗೆ ಪರಾರಿಯಾಗುತ್ತಾರೆ. ಬೆನ್ನಟ್ಟಿ ಬಂದ ಷೆರೀಫ್ ಗಡಿಯಲ್ಲಿ ಲಗಾಮು ಎಳೆದು ನಿಲ್ಲುತ್ತಾನೆ. ಆದರೆ ಇಂದಿನ ಅಮೆರಿಕದ ಭೂಪಟದಲ್ಲಿ ಎಷ್ಟು ಹುಡುಕಿದರೂ ಈ ಹೆಸರು ಸಿಗದು. ಹಾಗಾದರೆ ಅದು ಎಲ್ಲಿತ್ತು? ಯಾರದಾಗಿತ್ತು? ಏಕೆ ಮಾಯವಾಯಿತು?

ಹೆಸರಿನಲ್ಲಿರುವ 'ಇಂಡಿಯನ್' ಪದಕ್ಕೂ ನಮ್ಮ ದೇಶಕ್ಕೂ ಇರುವ ನಂಟು ಒಂದು ತಪ್ಪಿನಿಂದ ಹುಟ್ಟಿದ್ದು. 1492ರಲ್ಲಿ ಏಷ್ಯಾದ ದಾರಿ ಹುಡುಕಿ ಹೊರಟ ಕೊಲಂಬಸ್, ತಾನು ಕಂಡ ಜನರನ್ನು 'ಇಂಡಿಯನ್ನರು' ಎಂದು ಕರೆದ. ತಪ್ಪು ತಿಳಿದ ಮೇಲೂ ಹೆಸರು ಉಳಿಯಿತು. ಇನ್ನು 'ಟೆರಿಟರಿ' ಎಂದರೆ ಅಮೆರಿಕದಲ್ಲಿ ಸಾಮಾನ್ಯವಾಗಿ ಇನ್ನೂ ರಾಜ್ಯದ ಸ್ಥಾನ ಪಡೆಯದ, ಆದರೆ ಗವರ್ನರ್ ಹಾಗೂ ಶಾಸನಸಭೆ ಇರುವ ಪ್ರದೇಶ. ಇಂಡಿಯನ್ ಟೆರಿಟರಿಗೆ ಇವೆರಡೂ ಇರಲಿಲ್ಲ. ಅಲ್ಲಿ ನೆಲೆಸಿದ ಮೂಲನಿವಾಸಿ ಜನಾಂಗಗಳು ತಮ್ಮ ತಮ್ಮ ಸರ್ಕಾರ, ನ್ಯಾಯಾಲಯ, ಶಾಲೆಗಳನ್ನು ತಾವೇ ನಡೆಸುತ್ತಿದ್ದವು.

ಇದರ ಮೂಲ 1830ರ ಒಂದು ಕಾನೂನಿನಲ್ಲಿದೆ. ಆಗ್ನೇಯ ಅಮೆರಿಕದ ಫಲವತ್ತಾದ ಹತ್ತಿಯ ಭೂಮಿಯ ಮೇಲೆ ಬಿಳಿಯರ ಕಣ್ಣು ಬಿದ್ದಿತ್ತು. ಅಲ್ಲಿನ ಮೂಲನಿವಾಸಿಗಳನ್ನು ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಕಳುಹಿಸುವ ಮಸೂದೆಗೆ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಸಹಿ ಹಾಕಿದರು. ಚೆರೊಕಿ, ಚಾಕ್ಟಾ, ಚಿಕಸಾ, ಕ್ರೀಕ್ ಮತ್ತು ಸೆಮಿನೋಲ್ ಜನಾಂಗಗಳು ತವರು ತೊರೆಯಬೇಕಾಯಿತು. 1838-39ರಲ್ಲಿ ಸೈನಿಕರು ಹೊರಡಿಸಿದ ಸುಮಾರು 16,000 ಚೆರೊಕಿಗಳಲ್ಲಿ 4,000 ಮಂದಿ ಚಳಿ, ಹಸಿವು, ರೋಗಗಳಿಗೆ ಬಲಿಯಾದರೆಂಬ ಅಂದಾಜಿದೆ. 'ಕಣ್ಣೀರ ಹಾದಿ' ಎಂದು ಇತಿಹಾಸ ಅದನ್ನು ನೆನೆಯುತ್ತದೆ.

ಹೀಗೆ ನೆಲ ಕಿತ್ತುಕೊಂಡ ಸರ್ಕಾರ ಬದಲಿಗೆ ಒಂದು ಮಾತನ್ನೂ ಕೊಟ್ಟಿತು. ಹೊಸ ನೆಲ ನಿಮ್ಮದೇ, ಯಾವ ರಾಜ್ಯವೂ ನಿಮ್ಮ ಮೇಲೆ ಕಾನೂನು ಹೇರುವಂತಿಲ್ಲ ಎಂದು ಒಪ್ಪಂದಗಳಲ್ಲಿ ಬರೆಯಲಾಯಿತು. 'ಇಂಡಿಯನ್ ಟೆರಿಟರಿ' ಎಂಬ ಹೆಸರಿನ ನಿಜವಾದ ಅರ್ಥ ಈ ಮಾತಿನಲ್ಲೇ ಇತ್ತು.

ಮಾತು ಹಾಗೇ ಉಳಿಯಿತು, ನೆಲ ಮಾತ್ರ ಕುಗ್ಗುತ್ತಾ ಬಂತು. 1834ರ ಕಾನೂನು ಮಿಸಿಸಿಪ್ಪಿಯ ಪಶ್ಚಿಮದ ವಿಶಾಲ ಬಯಲನ್ನೇ 'ಇಂಡಿಯನ್ನರ ನಾಡು' ಎಂದಿತ್ತು. 1854ರಲ್ಲಿ ಕ್ಯಾನ್ಸಾಸ್, ನೆಬ್ರಾಸ್ಕಗಳು ಬೇರೆಯಾದ ಮೇಲೆ ಉಳಿದದ್ದು ಹೆಚ್ಚು ಕಡಿಮೆ ಇಂದಿನ ಒಕ್ಲಹೋಮದಷ್ಟು. ಅಲ್ಲಿನ ಜನಾಂಗಗಳ ನ್ಯಾಯಾಲಯಗಳಿಗೆ ಹೊರಗಿನ ಬಿಳಿಯರನ್ನು ವಿಚಾರಿಸುವ ಅಧಿಕಾರವಿರಲಿಲ್ಲ, ನೆರೆ ರಾಜ್ಯದ ಷೆರೀಫನಿಗೆ ಒಳಗೆ ಬರುವ ಹಕ್ಕಿರಲಿಲ್ಲ. ಕೇಂದ್ರದ ನ್ಯಾಯಾಲಯ ಇದ್ದುದು ಗಡಿಯಾಚೆ, ಆರ್ಕನ್ಸಾದ ಫೋರ್ಟ್ ಸ್ಮಿತ್‌ನಲ್ಲಿ. ಡಕಾಯಿತರಿಗೆ ಆ ನೆಲ ಅಡಗುದಾಣವಾದ ಗುಟ್ಟು ಇದು.

ಒಕ್ಲಹೋಮ ಎಂಬ ಹೆಸರಿನ ಕಥೆಯೂ ಸ್ವಾರಸ್ಯಕರ. ಅದನ್ನು 1866ರಲ್ಲಿ ಸೂಚಿಸಿದವರು ಚಾಕ್ಟಾ ಮುಖಂಡ ಆ್ಯಲನ್ ರೈಟ್. ಅವರ ಭಾಷೆಯಲ್ಲಿ 'ಒಕ್ಲ' ಎಂದರೆ ಜನ, 'ಹುಮ್ಮ' ಎಂದರೆ ಕೆಂಪು. ಆದರೆ 'ಕೆಂಪು ಜನ'ರ ಹೆಸರು ಹೊತ್ತ ನೆಲವನ್ನು 1889ರ ಏಪ್ರಿಲ್ 22ರಂದು ಬಿಳಿಯರಿಗೆ ತೆರೆಯಲಾಯಿತು. ಅಂದು ಮಧ್ಯಾಹ್ನ ಸಂಜ್ಞೆ ಸಿಕ್ಕೊಡನೆ ಸುಮಾರು 50,000 ಮಂದಿ ಓಡೋಡಿ ಜಾಗ ಹಿಡಿದರು. ಮರುವರ್ಷ ಪಶ್ಚಿಮ ಭಾಗ 'ಒಕ್ಲಹೋಮ ಟೆರಿಟರಿ'ಯಾಯಿತು. ಇಂಡಿಯನ್ ಟೆರಿಟರಿ ಪೂರ್ವಕ್ಕಷ್ಟೇ ಸೀಮಿತವಾಯಿತು.

1905ರಲ್ಲಿ ಮೂಲನಿವಾಸಿಗಳು ಮಸ್ಕೋಗಿ ಪಟ್ಟಣದಲ್ಲಿ ಸೇರಿ ತಮ್ಮದೇ ರಾಜ್ಯ ಬೇಕೆಂದು ಸಂವಿಧಾನವನ್ನೂ ರಚಿಸಿದರು. ಚೆರೊಕಿ ಭಾಷೆಗೆ ಲಿಪಿ ಕೊಟ್ಟ ಸೆಕ್ವೋಯನ ಹೆಸರನ್ನು ಅದಕ್ಕೆ ಆರಿಸಿದ್ದರು. ಅಮೆರಿಕದ ಕಾಂಗ್ರೆಸ್ ಕಿವಿಗೊಡಲಿಲ್ಲ. 1907ರ ನವೆಂಬರ್ 16ರಂದು ಎರಡೂ ಭಾಗ ಸೇರಿ ಒಕ್ಲಹೋಮ 46ನೇ ರಾಜ್ಯವಾಯಿತು. ಗತ್ರಿ ಪಟ್ಟಣದಲ್ಲಿ ಅಂದು ಒಂದು ಅಣಕು ಮದುವೆ ನಡೆಯಿತು. ವರ 'ಒಕ್ಲಹೋಮ ಟೆರಿಟರಿ', ವಧು 'ಇಂಡಿಯನ್ ಟೆರಿಟರಿ'. ಮದುವೆಯ ನಂತರ ಉಳಿದದ್ದು ವರನ ಹೆಸರು ಮಾತ್ರ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2020ರ ಜುಲೈ 9ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4 ಬಹುಮತದ ತೀರ್ಪು ನೀಡಿತು. ಕ್ರೀಕರ ಮೀಸಲು ಪ್ರದೇಶವನ್ನು ಕಾಂಗ್ರೆಸ್ ಎಂದೂ ಸ್ಪಷ್ಟವಾಗಿ ರದ್ದು ಮಾಡಿಲ್ಲ. ಆದ್ದರಿಂದ ಅಲ್ಲಿ ಮೂಲನಿವಾಸಿಗಳು ಎಸಗಿದರೆನ್ನಲಾದ ಗಂಭೀರ ಅಪರಾಧಗಳ ವಿಚಾರಣೆ ರಾಜ್ಯಕ್ಕೆ ಸೇರಿದ್ದಲ್ಲ ಎಂದಿತು. ಟಲ್ಸ ನಗರದ ಬಹುಭಾಗವೂ ಅದರೊಳಗೆ ಬಂತು. ಮರುವರ್ಷ ಒಕ್ಲಹೋಮದ ನ್ಯಾಯಾಲಯವೇ ಈ ತರ್ಕವನ್ನು ಉಳಿದ ನಾಲ್ಕು ಜನಾಂಗಗಳಿಗೂ ಅನ್ವಯಿಸಿತು. ಮೂಲನಿವಾಸಿಗಳ ಮೇಲೆ ಹೊರಗಿನವರು ಎಸಗುವ ಅಪರಾಧಗಳನ್ನು ರಾಜ್ಯವೂ ವಿಚಾರಿಸಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಾದರೂ ಹಿಂದಿನ ತೀರ್ಪು ಉಳಿದಿದೆ.

ಇದರಿಂದ ಯಾರ ಮನೆ, ಹೊಲವೂ ಕೈ ಬದಲಾಗಿಲ್ಲ. ಆದರೆ ಈ ನೆಲದಲ್ಲಿ ಯಾರ ಕಾನೂನು ನಡೆಯಬೇಕೆಂಬ ಪ್ರಶ್ನೆ, ಹಿಂದೆ ಷೆರೀಫನನ್ನು ಗಡಿಯಲ್ಲಿ ತಡೆದು ನಿಲ್ಲಿಸಿದ ಪ್ರಶ್ನೆಯೇ, ನೂರು ವರ್ಷಗಳ ನಂತರ ಮತ್ತೆ ಎದ್ದಿದೆ. 1907ರಲ್ಲಿ ಭೂಪಟದಿಂದ ಹೆಸರನ್ನು ಅಳಿಸಿದವರು ಒಪ್ಪಂದದ ಕಾಗದಗಳನ್ನು ಮರೆತಿದ್ದರು. ಅವನ್ನು ಬರೆಸಿಕೊಂಡವರು ಮರೆತಿರಲಿಲ್ಲ.