ಹೊಗೆಯ ಕೊಲ್ಲಿಗೆ ಬಿಸಿನೀರು ಬಂದ ಕಥೆ



ಡಿಸೆಂಬರ್ ಬಂತೆಂದರೆ ದೆಹಲಿಯ ನಮ್ಮ ಕನ್ನಡದ ಮನೆಗಳಲ್ಲಿ ಬೆಳಗಿನ ಮೊದಲ ಮಾತುಕತೆ ಗೀಸರ್ ಬಗ್ಗೆಯೇ. ಯಾರು ಮೊದಲು ಸ್ನಾನಕ್ಕೆ ಹೋದರು, ಯಾರಿಗೆ ತಣ್ಣೀರು ಉಳಿಯಿತು! ಮುಂಬೈ, ಚೆನ್ನೈಗಳಲ್ಲಿರುವ ನಿಮಗೆ ಇದು ತಮಾಷೆ ಅನ್ನಿಸಬಹುದು. ಆದರೆ ಬಿಸಿನೀರಿನ ಮೇಲೆ ನಮಗಿರುವ ಮಮತೆ ಊರು ಬಿಟ್ಟು ಬಂದರೂ ಹೋಗುವಂಥದ್ದಲ್ಲ. ಬಚ್ಚಲುಮನೆಯ ಹಂಡೆ, ಅದರಡಿಯ ಒಲೆ, ಮುಂಬೈ ಕರ್ನಾಟಕದ ಕಡೆಯ ತಾಮ್ರದ ಬಂಬ, ಇವನ್ನೆಲ್ಲ ನೋಡಿ ಬೆಳೆದವರು ನಾವು. ದೀಪಾವಳಿಗೆ ಮುನ್ನ ಹಂಡೆ ತೊಳೆದು, ಪೂಜಿಸಿ, ನೀರು ತುಂಬುವುದನ್ನೇ ಒಂದು ಹಬ್ಬ ಮಾಡಿಕೊಂಡವರು ನಾವಲ್ಲದೆ ಇನ್ಯಾರು?

ಈ ಸಲ ನಿಮ್ಮನ್ನು ಒಂದು ದೂರದ ಊರಿಗೆ ಕರೆದೊಯ್ಯುವ ಆಸೆ. ಅಲ್ಲಿ ನೆಲದಡಿಯೇ ಹಂಡೆ ಇದೆ, ಒಲೆಯೂ ಇದೆ. ಹಾಗಿದ್ದೂ ಆ ನೀರನ್ನು ಮನೆಯೊಳಕ್ಕೆ ತರಲು ಆ ಜನಕ್ಕೆ ಸಾವಿರ ವರ್ಷ ಬೇಕಾಯಿತು. ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್ ಆ ಊರು.

ರೇಕ್ಯಾವಿಕ್ ಎಂದರೆ 'ಹೊಗೆಯ ಕೊಲ್ಲಿ'. ಸುಮಾರು 874ರಲ್ಲಿ ನಾರ್ವೆಯ ಕಡೆಯಿಂದ ಬಂದು ನೆಲೆಸಿದ ಇಂಗೋಲ್ಫುರ್ ಅರ್ನಾರ್ಸನ್ ಈ ಹೆಸರಿಟ್ಟನೆಂದು ಪ್ರತೀತಿ. ಅವನ ಕಣ್ಣಿಗೆ ಬಿದ್ದದ್ದು ಹೊಗೆಯಲ್ಲ, ಬಿಸಿನೀರಿನ ಬುಗ್ಗೆಗಳಿಂದ ಏಳುತ್ತಿದ್ದ ಆವಿ. ಜ್ವಾಲಾಮುಖಿಗಳ ಮೇಲೆ ಕೂತಿರುವ ದ್ವೀಪವಲ್ಲವೇ, ಬುಗ್ಗೆಗಳಿಗೇನೂ ಬರವಿಲ್ಲ. ಬರ ಇದ್ದದ್ದು ಸೌದೆಗೆ. ಬಂದವರು ಇದ್ದಬದ್ದ ಬರ್ಚ್ ಕಾಡನ್ನು ಕಡಿದು ಮುಗಿಸಿದರು. ಆಮೇಲೆ ನೂರಾರು ವರ್ಷ ಅವರು ಬದುಕಿದ್ದು ಹುಲ್ಲುಹೆಂಟೆಗಳನ್ನು ಪೇರಿಸಿ ಕಟ್ಟಿದ ಮನೆಗಳಲ್ಲಿ. ಆ ಮನೆಗಳ ಮುಖ್ಯ ಕೋಣೆಗೆ 'ಬಾದ್‌ಸ್ಟೋವಾ' ಎಂದು ಹೆಸರು. ಪದಶಃ ಹೇಳುವುದಾದರೆ ನಮ್ಮ ಬಚ್ಚಲುಮನೆ! ಮೊದಲು ಅದು ಬೆಚ್ಚಗೆ ಕಾಯಿಸಿ ಮೈ ಬೆವರಿಸುವ ಸ್ನಾನದ ಕೋಣೆಯಾಗಿತ್ತು. ಸೌದೆ ಕಡಿಮೆಯಾದಂತೆ ಮನೆಮಂದಿಯೆಲ್ಲ ಅದೊಂದೇ ಕೋಣೆಗೆ ಸರಿದು ಬಂದರು. ಅಲ್ಲೇ ಊಟ, ಅಲ್ಲೇ ನೂಲುವುದು, ಅಲ್ಲೇ ನಿದ್ದೆ. ಕೊನೆಗೆ ಅದನ್ನು ಕಾಯಿಸಲೂ ಏನೂ ಉಳಿಯದೆ, ಜನರ ಮೈಬಿಸಿಯೇ ಒಲೆಯಾಯಿತು. ಕೆಲವೆಡೆ ಕೆಳಗೆ ದನ ಕಟ್ಟಿ ಮೇಲೆ ತಾವು ಮಲಗುತ್ತಿದ್ದರು. ಹೆಸರಿನಲ್ಲಿ ಮಾತ್ರ ಸ್ನಾನ ಉಳಿದುಕೊಂಡಿತು.

ಹೊರಗೆ ಕುದಿಯುವ ನೀರು, ಒಳಗೆ ನಡುಗುವ ಜನ. ಇದೆಂಥ ವಿಚಿತ್ರ ಎನ್ನುತ್ತೀರಾ? ಬುಗ್ಗೆಯನ್ನು ಅವರು ಬಳಸಲೇ ಇಲ್ಲವೆಂದಲ್ಲ. 13ನೇ ಶತಮಾನದ ದೊಡ್ಡ ಸಾಹಿತಿ, ರಾಜಕಾರಣಿ ಸ್ನೋರಿ ಸ್ಟುರ್ಲುಸನ್ ರೇಕ್‌ಹೋಲ್ಟ್ ಎಂಬಲ್ಲಿ ಬುಗ್ಗೆಯಿಂದ ಕಾಲುವೆ ತೋಡಿಸಿ ಸ್ನಾನದ ಕೊಳ ಮಾಡಿಕೊಂಡಿದ್ದ. 1241ರಲ್ಲಿ ಶತ್ರುಗಳು ಅವನನ್ನು ಅದೇ ಊರಲ್ಲಿ ಕೊಂದರು. ಕೊಳ ಇವತ್ತಿಗೂ ಇದೆ. ಆದರೆ ಕಾಲುವೆ ಬೇರೆ, ಪೈಪು ಬೇರೆ. ಹಳ್ಳದಲ್ಲಿರುವ ಬುಗ್ಗೆಯ ನೀರನ್ನು ಎತ್ತರದಲ್ಲಿರುವ ಮನೆಗೆ, ದಾರಿಯಲ್ಲಿ ಆರದ ಹಾಗೆ ತಲುಪಿಸಬೇಕಾದರೆ ಕಬ್ಬಿಣದ ಕೊಳವೆ ಬೇಕು, ಸೋರದ ಕೀಲು ಬೇಕು, ಶಾಖ ಹಿಡಿದಿಡುವ ಹೊದಿಕೆ ಬೇಕು. ಇದೆಲ್ಲ ಕೊಳ್ಳಲು ದುಡ್ಡೂ ಬೇಕು. ಅವರು ಬಡವರು.

ಹಾಗಾಗಿ ನೀರು ಮನೆಗೆ ಬರಲಿಲ್ಲ, ಹೆಂಗಸರೇ ನೀರಿನ ಬಳಿಗೆ ಹೋದರು. ರೇಕ್ಯಾವಿಕ್ ಪೇಟೆಯಿಂದ ಸುಮಾರು 3 ಕಿಲೋಮೀಟರ್ ದೂರದ ಲೌಗರ್ದಾಲುರ್ ಕಣಿವೆಯಲ್ಲಿ ಬಟ್ಟೆ ಒಗೆಯುವ ಬುಗ್ಗೆಗಳಿದ್ದವು. ಮನೆಯೊಡತಿಯರು, ಹೆಚ್ಚಾಗಿ ಮನೆಗೆಲಸದ ಹೆಣ್ಣುಮಕ್ಕಳು, ಬಟ್ಟೆಗಂಟು, ಬಕೆಟ್ಟು, ಒಗೆಯುವ ಹಲಗೆ, ಕಾಫಿ ಕೆಟಲ್ ಎಲ್ಲವನ್ನೂ ಬೆನ್ನಿಗೇರಿಸಿಕೊಂಡು ಹೊರಡುತ್ತಿದ್ದರು. ಹಿಮ ಬಿದ್ದಾಗ ಜಾರುಬಂಡಿ. ಹೋಗುವಾಗಿನ ಹೊರೆ ಬರುವಾಗ ಒದ್ದೆಯಾಗಿ ಇನ್ನಷ್ಟು ಭಾರ. ಆ ನೀರು ಕೈ ಅದ್ದುವ ಬಿಸಿಯದಲ್ಲ, ಸುಡುವ ಬಿಸಿ. ಕತ್ತಲಲ್ಲಿ, ಮಂಜಿನಲ್ಲಿ ಕಾಲು ಜಾರಿ ಬುಗ್ಗೆಗೆ ಬಿದ್ದು ಬೆಂದು ಸತ್ತವರುಂಟು. ಆಮೇಲೆ ಬುಗ್ಗೆಗಳ ಮೇಲೆ ಕಬ್ಬಿಣದ ಕಮಾನು ಕಂಬಿಗಳನ್ನು ಹಾಕಿದರು. 1880ರ ದಶಕದಲ್ಲಿ ಊರಿನ ಮಹಿಳಾ ಸಂಘವೊಂದು ಅಲ್ಲಿ ಒಗೆಯುವವರಿಗೆ ಒಂದು ಮನೆ ಕಟ್ಟಿಸಿತು, ಗಾಳಿಮಳೆಗೆ ಆಸರೆಯಾಗಲಿ ಎಂದು. 1885ರಲ್ಲಿ ಬುಗ್ಗೆಯ ಕಡೆಗೊಂದು ರಸ್ತೆ ಮಾಡಲು ಶುರುವಾಯಿತು. 'ಲೌಗವೆಗುರ್', ಅಂದರೆ ಬುಗ್ಗೆಯ ದಾರಿ. ಇವತ್ತು ಅದು ರೇಕ್ಯಾವಿಕ್‌ನ ಅತಿ ಝಗಮಗಿಸುವ ಅಂಗಡಿ ಬೀದಿ. ಅಲ್ಲಿ ಓಡಾಡುವ ಪ್ರವಾಸಿಗರಲ್ಲಿ ಎಷ್ಟು ಮಂದಿಗೆ ಆ ಒದ್ದೆಗಂಟಿನ ನೆನಪಾಗುತ್ತದೋ!

ತಣ್ಣೀರಿನ ನಲ್ಲಿ ಊರಿಗೆ ಬಂದದ್ದೂ 1909ರಲ್ಲೇ. ಅಲ್ಲಿಯ ತನಕ ಬಾವಿ ನೀರು, ಅದನ್ನು ಹೊತ್ತು ತರುವ ಕೂಲಿಗಳು, ಅದರ ಜೊತೆಗೇ ಟೈಫಾಯ್ಡ್.

ಬಿಸಿನೀರನ್ನು ಮನೆಗೆ ತಂದ ಮೊದಲಿಗರು ಎಂಜಿನಿಯರುಗಳಲ್ಲ, ರೈತರು. ಇದು ನನಗೆ ಬಹಳ ಹಿಡಿಸಿದ ಸಂಗತಿ. ರೇಕ್ಯಾವಿಕ್ ಪಕ್ಕದ ಮೋಸ್‌ಫೆಲ್‌ಸ್ವೇಟ್‌ನಲ್ಲಿ ಸ್ಟೆಫಾನ್ ಯೋನ್ಸನ್ ಎಂಬ ರೈತ 1908ರ ಸುಮಾರಿಗೆ ಬುಗ್ಗೆಯ ನೀರನ್ನು ಪೈಪಿನಲ್ಲಿ ಹಾಯಿಸಿ ತನ್ನ ಮನೆಯನ್ನು ಬೆಚ್ಚಗೆ ಮಾಡಿಕೊಂಡ. ಬೋರ್ಗಾರ್‌ಫ್ಯೋರ್ದುರ್ ಸೀಮೆಯ ಎರ್ಲೆಂದುರ್ ಗುನ್ನಾರ್ಸನ್‌ನ ಕಷ್ಟ ಬೇರೆಯದು. ಅವನ ಬುಗ್ಗೆ ಮನೆಗಿಂತ ತಗ್ಗಿನಲ್ಲಿತ್ತು, ನೀರು ಮೇಲೆ ಹತ್ತದು. ನೀರು ಹತ್ತದಿದ್ದರೇನು, ಆವಿ ಹತ್ತುತ್ತದಲ್ಲ! 1911ರಲ್ಲಿ ಬುಗ್ಗೆಗೆ ಮುಚ್ಚಳ ಹಾಕಿ, ಆವಿಯನ್ನು ಕೊಳವೆಯಲ್ಲಿ ಮನೆಗೆ ಏರಿಸಿದ. ಮನೆಯೂ ಬೆಚ್ಚಗಾಯಿತು, ಅಡುಗೆಯೂ ಆಯಿತು. ನಮ್ಮ ಇಡ್ಲಿ ಪಾತ್ರೆಯ ತತ್ವವೇ.

ರೇಕ್ಯಾವಿಕ್ ಊರಿನವರ ಕಥೆಯಲ್ಲಿ ಚಿನ್ನದ ಪ್ರಸ್ತಾಪವೂ ಇದೆ. ಕೋಲಾರದ ಕಡೆಯ ಕೇಳುಗರು ಸ್ವಲ್ಪ ಕಿವಿಗೊಡಿ. 20ನೇ ಶತಮಾನದ ಆರಂಭದಲ್ಲಿ ಊರಂಚಿನಲ್ಲಿ ನೀರಿಗಾಗಿ ಕೊರೆಯುವಾಗ ಚಿನ್ನ ಸಿಕ್ಕಿತೆಂದು ಗುಲ್ಲೆದ್ದಿತು. ಚಿನ್ನ ಹುಡುಕಲೆಂದು ಕೊರೆಯುವ ಯಂತ್ರವನ್ನೂ ತರಿಸಿದರು. ಚಿನ್ನ ಸಿಗಲಿಲ್ಲ. ಮೂಲೆ ಸೇರಿದ್ದ ಆ ಯಂತ್ರವನ್ನೇ 1928ರಲ್ಲಿ ಲೌಗರ್ದಾಲುರ್‌ಗೆ ಎಳೆದೊಯ್ದು, ಒಗೆಯುವ ಬುಗ್ಗೆಗಳ ಪಕ್ಕದಲ್ಲಿ ಕೊರೆದರು. ಸಿಕ್ಕಿದ್ದು 87 ಡಿಗ್ರಿ ಬಿಸಿಯ ನೀರು. 1930ರಲ್ಲಿ ಅದು 3 ಕಿಲೋಮೀಟರ್ ಪೈಪಿನಲ್ಲಿ ಹರಿದು ಊರ ಪೂರ್ವಭಾಗದ ಒಂದು ಪ್ರಾಥಮಿಕ ಶಾಲೆಗೆ ಬಂತು. ಹೆಂಗಸರು ಗಂಟು ಹೊತ್ತು ನಡೆದಷ್ಟೇ ದೂರ, ಆದರೆ ದಿಕ್ಕು ತಿರುಗುಮುರುಗು! ಆಮೇಲೆ ಆಸ್ಪತ್ರೆ, ಈಜುಕೊಳ, ಜೊತೆಗೆ ಅರವತ್ತು ಎಪ್ಪತ್ತು ಮನೆಗಳು ಆ ನೀರು ಪಡೆದವು.

ಉಳಿದ ಊರು ಉರಿಸುತ್ತಿದ್ದದ್ದು ಹಡಗಿನಲ್ಲಿ ಬಂದ ಕಲ್ಲಿದ್ದಲನ್ನು. 1930ರ ದಶಕದ ಫೋಟೋಗಳಲ್ಲಿ ಊರಿನ ಮೇಲೆ ಕರಿಹೊಗೆಯ ಚಪ್ಪರವೇ ಇದೆ. ಹೊಗೆಯ ಕೊಲ್ಲಿ ಎಂಬ ಹೆಸರು ಆಗ ನಿಜಕ್ಕೂ ಹೊಂದಿಕೆಯಾಗಿತ್ತು. ಹದಿನೇಳು ಹದಿನೆಂಟು ಕಿಲೋಮೀಟರ್ ಆಚೆಯ ರೇಕಿರ್‌ನಿಂದ ಇಡೀ ಊರಿಗೆ ನೀರು ತರುವ ಕೆಲಸ 1939ರಲ್ಲಿ ಶುರುವಾಯಿತು. ಪೈಪುಗಳು ಡೆನ್ಮಾರ್ಕಿನಿಂದ ಬರಬೇಕು. 1940ರ ಏಪ್ರಿಲ್ 9ರಂದು ಹಿಟ್ಲರನ ಸೇನೆ ಡೆನ್ಮಾರ್ಕನ್ನು ಹಿಡಿಯಿತು, ಪೈಪು ಅಲ್ಲೇ ಉಳಿಯಿತು. ಮರುತಿಂಗಳು ಬ್ರಿಟಿಷ್ ಸೈನ್ಯ ಐಸ್‌ಲ್ಯಾಂಡಿಗೇ ಬಂದಿಳಿಯಿತು. ಅಗೆದ ಕಾಲುವೆ ಬಾಯ್ದೆರೆದು ಕಾಯತೊಡಗಿತು. ಕೊನೆಗೆ ಅಮೆರಿಕದಿಂದ ಸಾಮಾನು ತರಿಸಿ, 1943ರ ನವೆಂಬರ್ 30ರಂದು ಮೊದಲ ಮನೆಗೆ ನೀರು ಬಿಟ್ಟರು. ಶಿಲ್ಪಿ ಐನಾರ್ ಯೋನ್ಸನ್ ಅವರ ಮನೆ ಅದು. 1945ರ ಕೊನೆಗೆ 2,800ಕ್ಕೂ ಹೆಚ್ಚು ಮನೆಗಳು ಸೇರಿಕೊಂಡವು. ಜಗತ್ತು ಯುದ್ಧದಲ್ಲಿ ಉರಿಯುತ್ತಿದ್ದಾಗ ಒಂದು ಊರಿನ ಪ್ಲಂಬರುಗಳು ಮನೆಮನೆಯ ನೆಲಮಾಳಿಗೆಯಲ್ಲಿ ಕೂತು ಪೈಪು ಜೋಡಿಸುತ್ತಿದ್ದರು!

ಅವರ ಕೆಲಸದ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಐಸ್‌ಲ್ಯಾಂಡಿನ ಭಾಷೆಯಲ್ಲಿ ಪ್ಲಂಬರ್‌ಗೆ 'ಪೈಪು ಹಾಸುವವನು' ಎಂಬ ಅರ್ಥದ ಪದವಿದೆ. ಅಲ್ಲಿ ಅವನು ಬೇಸಿಗೆಯಲ್ಲೂ ಬೇಕಾದವನು, ಏಕೆಂದರೆ ಜುಲೈ ತಿಂಗಳಲ್ಲೂ ಸರಾಸರಿ ಉಷ್ಣಾಂಶ 11–12 ಡಿಗ್ರಿ. ಕಲ್ಲಿದ್ದಲ ಬಾಯ್ಲರ್ ಇದ್ದ ಮನೆಗಳಲ್ಲಿ ರೇಡಿಯೇಟರುಗಳು ಮೊದಲೇ ಇದ್ದವು. ಬಾಯ್ಲರ್ ಕಿತ್ತು ಅದರ ಜಾಗಕ್ಕೆ ಬೀದಿಯ ಪೈಪು ಕೂಡಿಸಿದರಾಯಿತು. ಬಹುತೇಕ ಮನೆಗಳಲ್ಲಿ ನೀರು ಸುಮಾರು 75–80 ಡಿಗ್ರಿಯಲ್ಲಿ ಒಳಬರುತ್ತದೆ, ರೇಡಿಯೇಟರುಗಳಲ್ಲಿ ಸುತ್ತಾಡಿ, ಸುಮಾರು 35 ಡಿಗ್ರಿಗೆ ಇಳಿದು ಚರಂಡಿಗೆ ಹೋಗುತ್ತದೆ. ಗ್ರಾಹಕ ದುಡ್ಡು ಕೊಡುವುದು ನೀರಿನ ಅಳತೆಗೆ. ಆದ್ದರಿಂದ ಒಳಬಂದ ಪ್ರತಿ ಬಕೆಟ್ಟಿನ ಶಾಖವನ್ನೂ ಹಿಂಡಿ ತೆಗೆಯುವ ಹಾಗೆ ದೊಡ್ಡ ರೇಡಿಯೇಟರ್ ಹಾಕುವುದರಲ್ಲಿ ಪ್ಲಂಬರನ ಜಾಣತನ. ಹೊರಹೋಗುವ 35 ಡಿಗ್ರಿಯನ್ನೂ ಈಗೀಗ ಬಿಡುವುದಿಲ್ಲ, ಅಂಗಳದ ಅಡಿಯಲ್ಲಿ ಕೊಳವೆ ಹಾಸಿ ಹಿಮ ಕರಗಿಸುತ್ತಾರೆ. ಬಿಸಿನೀರಿಗೆ ಕೊಳೆತ ಮೊಟ್ಟೆಯ ವಾಸನೆ ಉಂಟು, ಹೈಡ್ರೋಜನ್ ಸಲ್ಫೈಡ್‌ನದು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ಬೆಳ್ಳಿ ಆಭರಣ ಕಪ್ಪಾಗುತ್ತದೆ. ಆದರೆ ಅದೇ ಅನಿಲ ನೀರಿನಲ್ಲಿನ ಆಮ್ಲಜನಕವನ್ನು ನುಂಗಿ ಉಕ್ಕಿನ ಪೈಪನ್ನು ತುಕ್ಕಿನಿಂದ ಕಾಯುತ್ತದೆ.

1990ರಲ್ಲಿ ನೆಸ್ಯಾವೆಟ್ಲಿರ್ ಎಂಬಲ್ಲಿಂದ 27 ಕಿಲೋಮೀಟರ್ ಉದ್ದದ ಹೊಸ ಸಾಲು ಬಂತು. ಅಷ್ಟು ದೂರ ಹರಿದರೂ ನೀರು ಆರುವುದು ಹೆಚ್ಚುಕಡಿಮೆ ಎರಡೇ ಡಿಗ್ರಿ! ಆದರೆ ಬಿಸಿಗೆ ಉಕ್ಕು ಹಿಗ್ಗುತ್ತದೆ. ಸೊನ್ನೆ ಡಿಗ್ರಿಯಿಂದ 80ಕ್ಕೆ ಏರಿದರೆ 27 ಕಿಲೋಮೀಟರ್ ಪೈಪು ಸುಮಾರು 26 ಮೀಟರ್ ಉದ್ದವಾಗಲು ಹವಣಿಸುತ್ತದೆ. ಅದಕ್ಕೆ ಜಾಗ ಕೊಡದಿದ್ದರೆ ಪೈಪು ಸೊಟ್ಟಗಾಗುತ್ತದೆ. ಇನ್ನೊಂದು ಎಡವಟ್ಟೂ ಆಯಿತು. ನೆಸ್ಯಾವೆಟ್ಲಿರ್‌ನದು ಆವಿಯಿಂದ ಕಾಯಿಸಿದ ಸಿಹಿನೀರು, ಹಳೆಯದು ಬುಗ್ಗೆಯ ನೀರು. ಎರಡೂ ಬೆರೆತಾಗ ಪೈಪಿನೊಳಗೆ ಮೆಗ್ನೀಷಿಯಂ ಸಿಲಿಕೇಟ್ ಹರಳುಗಟ್ಟತೊಡಗಿತು. ಒಂದೊಂದು ಬಡಾವಣೆಗೆ ಒಂದೊಂದು ನೀರು ಎಂದು ಬೇರೆ ಮಾಡಬೇಕಾಯಿತು.

ಈ ನಡುವೆ 1973 ಬಂತು. ಆಗಲೂ ಐಸ್‌ಲ್ಯಾಂಡಿನ ಅರ್ಧದಷ್ಟು ಜನ ಮನೆ ಕಾಯಿಸುತ್ತಿದ್ದದ್ದು ಎಣ್ಣೆಯಿಂದ. ತೈಲದ ಬೆಲೆ ಏರಿದ್ದೇ ತಡ, ಸರ್ಕಾರ ಊರೂರಲ್ಲಿ ಕೊರೆಸಿತು. ಅದೇ ವರ್ಷದ ಜನವರಿ 23ರ ರಾತ್ರಿ ಹೇಮಾಯೆ ದ್ವೀಪದಲ್ಲಿ ನೆಲ ಬಿರಿದು ಲಾವಾ ಉಕ್ಕಿತ್ತು. ಐದು ಸಾವಿರಕ್ಕೂ ಹೆಚ್ಚು ಜನ ಮೀನುಗಾರರ ದೋಣಿಗಳಲ್ಲಿ ರಾತ್ರೋರಾತ್ರಿ ಪಾರಾದರು. ಮರಳಿ ಬಂದವರು ಮಾಡಿದ್ದೇನು ಗೊತ್ತೇ? ಮನೆ ನುಂಗಿದ ಅದೇ ಲಾವಾದ ಬಿಸಿಯಲ್ಲಿ ನೀರು ಕಾಯಿಸಿ, ಉಳಿದ ಮನೆಗಳಿಗೆ ಹರಿಸಿದರು. ಹತ್ತಕ್ಕೂ ಹೆಚ್ಚು ವರ್ಷ ಆ ಹಂಡೆ ಆರಲಿಲ್ಲ! ಇಂದು ದೇಶದ ಹತ್ತರಲ್ಲಿ ಒಂಬತ್ತು ಮನೆಗಳಿಗೆ ಭೂಮಿಯ ಶಾಖವೇ ಗತಿ.

ನಮ್ಮಲ್ಲೂ ಬುಗ್ಗೆಗಳಿಲ್ಲವೇ? ಮುಂಬೈಯವರು ವಜ್ರೇಶ್ವರಿ, ಗಣೇಶಪುರಿಯ ಕುಂಡಗಳನ್ನು ಬಲ್ಲಿರಿ. ಪುತ್ತೂರು ಬಳಿಯ ಇರ್ದೆಯಲ್ಲಿ ಬೆಂದ್ರುತೀರ್ಥ ಇದೆ, ಉಗುರುಬೆಚ್ಚಗಿನದು. ಲಡಾಖ್‌ನ ಪೂಗಾ ಕಣಿವೆಯ ಶಾಖ ಬಳಸಲು ಓಎನ್‌ಜಿಸಿ 2021ರಲ್ಲಿ ಒಪ್ಪಂದ ಮಾಡಿಕೊಂಡಿತು.

ಗತಿ ಎಂದೆನಲ್ಲ, ಅದರ ಇನ್ನೊಂದು ಮುಖವನ್ನೂ ಕೇಳಿ. 2024ರ ಫೆಬ್ರವರಿ 8ರಂದು ರೇಕ್ಯಾನೆಸ್ ಪರ್ಯಾಯದ್ವೀಪದಲ್ಲಿ ಉಕ್ಕಿದ ಲಾವಾ ಸ್ವಾರ್ತ್ಸೆಂಗಿ ಸ್ಥಾವರದ ಬಿಸಿನೀರಿನ ಪೈಪನ್ನು ಕತ್ತರಿಸಿತು. 20,000ಕ್ಕೂ ಹೆಚ್ಚು ಜನರ ರೇಡಿಯೇಟರ್‌ಗಳು ತಣ್ಣಗಾದವು. ಹೊರಗೆ ಕೊರೆಯುವ ಚಳಿ. ಎಲ್ಲರೂ ಎಲೆಕ್ಟ್ರಿಕ್ ಹೀಟರ್ ಹಚ್ಚಿದರೆ ವಿದ್ಯುತ್ ಜಾಲವೇ ಕುಸಿಯುತ್ತದೆ, ಮಿತವಾಗಿ ಬಳಸಿ ಎಂದು ಕೇಳಿಕೊಂಡರು. ಚಳಿಗಿಂತ ದೊಡ್ಡ ಭಯ ಪೈಪಿನದು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಹಲವು ಬಾರಿ ಪೈಪು ಒಡೆಯುವುದು ಮಂಜುಗಡ್ಡೆ ಇದ್ದಲ್ಲಿ ಅಲ್ಲ. ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರು ಒತ್ತಡ ತಾಳದೆ ಒಡೆದು ಹೊರಬರುತ್ತದೆ. ಶಿಮ್ಲಾದಲ್ಲಿ ಚಳಿಗಾಲ ಕಳೆದವರು ರಾತ್ರಿ ನಲ್ಲಿಯನ್ನು ಸಣ್ಣಗೆ ಬಿಟ್ಟಿಡುವುದು ಇದಕ್ಕೇ. ಪಕ್ಕದ ಗ್ರಿಂಡವೀಕ್ ಊರನ್ನು ಅದಕ್ಕೂ ಮೊದಲೇ ಖಾಲಿ ಮಾಡಿಸಿದ್ದರು. ಕಾಲಡಿಯ ನೆಲ ಬಿರುಕು ಬಿಟ್ಟಿದ್ದ ಆ ಊರಿಗೆ ಆ ಚಳಿಗಾಲದಲ್ಲಿ ರಕ್ಷಣಾ ದಳದೊಂದಿಗೆ ಹೋದವರಲ್ಲಿ ಪ್ಲಂಬರುಗಳಿದ್ದರು. ಯಾರೂ ಇಲ್ಲದ ಮನೆಗಳನ್ನು ಒಂದೊಂದಾಗಿ ಹೊಕ್ಕು ಪೈಪುಗಳನ್ನು ಉಳಿಸುವುದು ಅವರ ಕೆಲಸ.

ಕತ್ತರಿಸಿದ ಸಾಲಿಗೆ ಹಾಕಿದ ಮೊದಲ ಬದಲಿ ಪೈಪು ರಾತ್ರಿಯೇ ಒಡೆಯಿತು. ಮತ್ತೊಂದು ಹಾಸಿದರು. ಫೆಬ್ರವರಿ 12ರ ಹೊತ್ತಿಗೆ ನೀರು ಮನೆಗಳತ್ತ ಹರಿಯಿತು. ಅದೇ ವರ್ಷ ನವೆಂಬರ್‌ನಲ್ಲಿ ಲಾವಾ ಮತ್ತೆ ಅದೇ ದಾರಿಗೆ ಬಂತು. ಈ ಸಲ ಪೈಪನ್ನು ಮಣ್ಣಿನಡಿ ಹೂತಿದ್ದರು. ಲಾವಾ ಅದರ ಮೇಲೆ ಹರಿದುಹೋಯಿತು, ಪೈಪು ಒಡೆಯಲಿಲ್ಲ.