ಕಡಲ ನೀರನ್ನು ಅಳೆದವರು



ನೀವು ಅಣ್ಣಿಗೇರಿ, ನವಲಗುಂದದ ಕಡೆಯವರಾದರೆ ಸವುಳು ನೀರು ನಿಮಗೆ ಹೊಸದಲ್ಲ. ಬಾವಿಯ ನೀರು ಸಿಹಿಯೋ ಸವುಳೋ ಎಂಬುದನ್ನು ನಾಲಿಗೆಯೇ ಹೇಳಿಬಿಡುತ್ತದೆ. ಆದರೆ ಒಂದು ಕಿಲೋಗ್ರಾಂ ಕಡಲ ನೀರಿನಲ್ಲಿ 34.5 ಗ್ರಾಂ ಉಪ್ಪಿದೆಯೇ, 34.7 ಗ್ರಾಂ ಇದೆಯೇ ಎಂದು ಕೇಳಿದರೆ? ಅದನ್ನು ನಾಲಿಗೆ ಹೇಳಲಾರದು.

ಧ್ರುವದ ಕಡಲಿನಲ್ಲಿ ಈ ಅಲ್ಪ ಅಂತರಕ್ಕೇ ಮಹತ್ವ. ಕಡಲ ನೀರು ಸುಮಾರು ಮೈನಸ್ 1.9 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಆಗ ಉಪ್ಪಿನ ಬಹುಪಾಲು ಮಂಜುಗಡ್ಡೆಯಿಂದ ಹೊರಬೀಳುತ್ತದೆ. ಉಳಿದ ನೀರು ಹೆಚ್ಚು ಉಪ್ಪಾಗಿ, ಭಾರವಾಗುತ್ತದೆ. ಅಂಟಾರ್ಕ್ಟಿಕದ ಕೆಲವು ತೀರಗಳಲ್ಲಿ ಇಂಥ ನೀರು ತಳಕ್ಕಿಳಿದು, ಉತ್ತರದ ಸಾಗರಗಳತ್ತ ಹರಿಯುತ್ತದೆ.

ಇದನ್ನು ಅಳೆಯುವ ಕೆಲಸಕ್ಕೆ ದೊಡ್ಡ ಇತಿಹಾಸವಿದೆ. 1872ರಲ್ಲಿ ಇಂಗ್ಲೆಂಡಿನಿಂದ ಹೊರಟ 'ಚಾಲೆಂಜರ್' ನೌಕೆ 1874ರ ಫೆಬ್ರವರಿಯಲ್ಲಿ ದಕ್ಷಿಣ ಧ್ರುವವೃತ್ತವನ್ನು ದಾಟಿತು. ಅದರಲ್ಲಿದ್ದವರು ಹಗ್ಗಕ್ಕೆ ಉಷ್ಣಮಾಪಕ ಕಟ್ಟಿ ಆಳಕ್ಕಿಳಿಸಿದರು, ಬೇರೆ ಬೇರೆ ಕಡಲುಗಳ ನೀರನ್ನು ತುಂಬಿ ತಂದರು. ಅವುಗಳಲ್ಲಿ 77 ಮಾದರಿಗಳನ್ನು ವಿಲಿಯಂ ಡಿಟ್‌ಮಾರ್ ಪರೀಕ್ಷಿಸಿ 1884ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಪ್ಪಿನ ಒಟ್ಟು ಪ್ರಮಾಣ ಕಡಲಿನಿಂದ ಕಡಲಿಗೆ ಬದಲಾದರೂ, ಅದರಲ್ಲಿರುವ ಮುಖ್ಯ ಲವಣಗಳ ಪರಸ್ಪರ ಪಾಲು ಎಲ್ಲೆಡೆ ಬಹುಮಟ್ಟಿಗೆ ಒಂದೇ ಎಂಬುದು ಇದರಿಂದ ದೃಢಪಟ್ಟಿತು. ಹಾಗಾಗಿ ಕ್ಲೋರೈಡ್ ಒಂದನ್ನು ಅಳೆದರೆ ಒಟ್ಟು ಉಪ್ಪಿನ ಲೆಕ್ಕ ಸಿಗುವಂತಾಯಿತು.

ಇನ್ನು ನಮ್ಮ ದೇಶದ ಕಥೆ. ಅಣ್ಣಿಗೇರಿಯ ರೈಲು ಹಳಿ ಹುಬ್ಬಳ್ಳಿ, ಲೋಂಡಾ ದಾಟಿ ಗೋವೆಯ ಕಡಲಿಗೆ ಮುಟ್ಟುತ್ತದಲ್ಲವೇ? ಆ ಗೋವೆಯಿಂದಲೇ 1981ರ ಡಿಸೆಂಬರ್ 6ರಂದು ಡಾ. ಎಸ್. ಝಡ್. ಖಾಸಿಂ ನೇತೃತ್ವದಲ್ಲಿ 21 ಜನರ ತಂಡ ಹೊರಟು, 1982ರ ಜನವರಿ 9ರಂದು ಅಂಟಾರ್ಕ್ಟಿಕವನ್ನು ತಲುಪಿತು. 2004ರಲ್ಲಿ 'ಸಾಗರ್ ಕನ್ಯಾ' ನೌಕೆ ದಕ್ಷಿಣ ಸಾಗರದ ಅಧ್ಯಯನಕ್ಕೆಂದೇ ಹೋಗಿಬಂದಿತು.

ಇಂದು ಇಂಥ ನೌಕೆಗಳಿಂದ ತಂತಿಯ ಹಗ್ಗದಲ್ಲಿ ಇಳಿಬಿಡುವ ಉಪಕರಣವು ನೀರಿನ ಉಷ್ಣತೆ, ವಿದ್ಯುದ್ವಾಹಕತೆ, ಒತ್ತಡಗಳನ್ನು ದಾಖಲಿಸುತ್ತದೆ. ವಾಹಕತೆಯಿಂದ ಉಪ್ಪು ತಿಳಿಯುತ್ತದೆ, ಒತ್ತಡದಿಂದ ಆಳ. ಸುತ್ತಲಿನ ಸೀಸೆಗಳು ಬೇಕಾದ ಆಳದಲ್ಲಿ ಮುಚ್ಚಿಕೊಂಡು ನೀರನ್ನು ತರುತ್ತವೆ. ಆ ನೀರನ್ನು ಪರೀಕ್ಷಿಸಿ, ಉಪಕರಣ ಹೇಳಿದ್ದು ಸರಿಯೇ ಎಂದು ತಾಳೆ ನೋಡಲಾಗುತ್ತದೆ.

ಇಷ್ಟೆಲ್ಲ ಶ್ರಮ ಏಕೆ? 2012ರಲ್ಲಿ ವಿಜ್ಞಾನಿಗಳು ಚಾಲೆಂಜರ್‌ನ ಅಳತೆಗಳನ್ನು ಈ ಶತಮಾನದ ಅಳತೆಗಳೊಂದಿಗೆ ಹೋಲಿಸಿದರು. ಕಡಲಿನ ಮೇಲಿನ 700 ಮೀಟರ್ ನೀರು ಸರಾಸರಿ 0.33 ಡಿಗ್ರಿಯಷ್ಟು ಬಿಸಿಯಾಗಿರುವುದು ಕಂಡಿತು. ಅಂದಿನವರು ಪ್ರತಿ ಅಂಕಿಯ ಜೊತೆಗೆ ಸ್ಥಳ, ಆಳ, ದಿನಾಂಕಗಳನ್ನು ಬರೆದಿಟ್ಟಿದ್ದರಿಂದಲೇ ಇದು ಸಾಧ್ಯವಾಯಿತು. ಅವಿಲ್ಲದ ಅಂಕಿ, ತಿಥಿ ಅಳಿಸಿಹೋದ ಶಾಸನದಂತೆ.

ನಿಮ್ಮೂರಿನ ಬಾವಿಯ ನೀರನ್ನು ಎಂದಾದರೂ ಅಳೆದರೆ, ದಿನಾಂಕ ಬರೆಯಲು ಮರೆಯಬೇಡಿ.